ಟ್ರೇಸರಮ್ಮನ ಗೊತ್ತಿನ ಕಲ್ಲು

ಟಿ.ಬಿ. ಡ್ಯಾಂನ ಕಾಲುವೆ ಏರಿಯ ಮೇಲೆ, ಬೆಳಿಗ್ಗೆ ಏಳರ ಹೊತ್ತಿಗೆ, ಅರವತ್ತು ದಾಟಿದ ಹೆಂಗಸೊಬ್ಬರು ಚಪ್ಪಲಿ ಕಳಚಿಟ್ಟು, ಗೇಣೆತ್ತರದ ಒಂದು ಕಲ್ಲಿನ ಮೇಲೆ ನಿಂತು, ಬಲಗೈಯನ್ನು ಆಕಾಶಕ್ಕೆ ಹಿಡಿದಿರುತ್ತಿದ್ದರು. ಕೈಯಲ್ಲಿ ಸೋಪಿನ ಡಬ್ಬಿಯಷ್ಟು ದೊಡ್ಡ ಹಳದಿ ಸಾಧನ. ಹತ್ತು ನಿಮಿಷ ಅವರು ಅಲುಗಾಡುತ್ತಿರಲಿಲ್ಲ. ಅದಿರಿನ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ವರ್ಷಗಳು ಅವು. ಒಂದು ದಿನ ಸಾಲಿನಲ್ಲಿ ಸಿಕ್ಕಿಕೊಂಡ ಚಾಲಕನೊಬ್ಬ ಕೆಳಗಿಳಿದು ಬಂದು ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

“ಯಾವ ದೇವ್ರಿಗ್ರೀ ಅಮ್ಮಾ ಹರಕಿ?”

“ಮ್ಯಾಲೆ ಭಾಳ ಅದಾವಪಾ. ಇವತ್ತು ಏಳು ಕಾಣಾಕ ಹತ್ಯಾವು. ಎಂಟನೇದು ಬರ್ಲಿ ಅಂತ ನಿಂತೀನಿ.”

ಅವರು ಹೇಳಿದ್ದು ಉಪಗ್ರಹಗಳ ಲೆಕ್ಕ; ಕೈಯಲ್ಲಿದ್ದದ್ದು ನಿಂತ ಜಾಗವನ್ನು ಉಪಗ್ರಹಗಳಿಂದ ತಿಳಿದು ಹೇಳುವ ಜಿ.ಪಿ.ಎಸ್. ಚಾಲಕ ಏನು ತಿಳಿದುಕೊಂಡನೋ, ತಾನೂ ಚಪ್ಪಲಿ ಬಿಟ್ಟು ಆ ಕಲ್ಲಿಗೆ ಕೈಮುಗಿದು ಹೋದ.

ಅವರ ಹೆಸರು ಹುಲಿಗೆಮ್ಮ. ಹೊಸಪೇಟೆಯಲ್ಲಿ ಆ ಹೆಸರು ಹೇಳಿದರೆ ಯಾವ ಹುಲಿಗೆಮ್ಮ ಎಂದು ಕೇಳುತ್ತಿದ್ದರು. ಟ್ರೇಸರಮ್ಮ ಎಂದರೆ ಮನೆ ತೋರಿಸುತ್ತಿದ್ದರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅವರು ಡ್ಯಾಂ ಕಚೇರಿಯ ನಕ್ಷೆ ವಿಭಾಗದಲ್ಲಿ ಟ್ರೇಸರ್ ಆಗಿದ್ದವರು. ಎಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಕೆಳಗಿನ ಗೆರೆಗಳನ್ನು ಮಸಿಯಲ್ಲಿ ಪಡಿಮೂಡಿಸುವ ಕೆಲಸ ಅದು. ಸ್ವಂತದ್ದೊಂದು ಗೆರೆ ಎಳೆಯುವ ಹಕ್ಕಿಲ್ಲ, ಇದ್ದ ಗೆರೆ ಬಿಡುವ ಹಕ್ಕೂ ಇಲ್ಲ. ತಪ್ಪಿದರೆ ಅರ್ಧ ಬ್ಲೇಡಿನಿಂದ ಮಸಿಯನ್ನು ಕೆರೆದು ತೆಗೆಯುವುದು ಆ ವಿಭಾಗದ ರೂಢಿ. ಅಂಥದೊಂದು ಅರ್ಧ ಬ್ಲೇಡು ನಿವೃತ್ತಿಯ ನಂತರವೂ ಒಂದು ಬೂಚಿಗೆ ಚುಚ್ಚಿಕೊಂಡು ಅವರ ಬಟ್ಟೆಯ ಚೀಲದಲ್ಲಿರುತ್ತಿತ್ತು. ಆದರೆ ಅದರಿಂದ ಪೆನ್ಸಿಲು ಚೂಪು ಮಾಡುತ್ತಿದ್ದರೇ ಹೊರತು ಒಂದಕ್ಷರ ಕೆರೆದಿದ್ದನ್ನು ನಾನು ಕಂಡಿರಲಿಲ್ಲ. ಕಾರಣ ಕೇಳಿದಾಗ, ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಡಿದ ತಪ್ಪೊಂದನ್ನು ಹೇಳಿದ್ದರು.

“ಹಾಳ್ಯಾಗ ಸಣ್ಣದೊಂದು ಗೆರಿ ಇತ್ತು. ಮಡಿಕಿ ಬಿದ್ದದ್ದನ್ನ ಗೆರಿ ಅಂತ ಬರದೀನಿ ಅಂದ್ಕೊಂಡು ಕೆರದೆ. ಅದು ಖರೇನ ಒಂದು ಕೇರಿಗೆ ಹೋಗೋ ಸಣ್ಣ ಕಾಲುವಿ. ಗೊತ್ತಾಗೋದ್ರಾಗ ಎರಡು ವರ್ಷ ಆತು. ಕೆರದ ಜಾಗ ನೋಡಿದ್ರ, ಅಲ್ಲಿ ಏನೋ ಇತ್ತು ಅನ್ನೋದ ಯಾರಿಗೂ ಕಾಣಂಗಿಲ್ಲ ನೋಡು. ತಪ್ಪಿಗಿಂತ ಅದು ಕೆಟ್ಟದ್ದು.”

ಅಂದಿನಿಂದ ತಪ್ಪಾದರೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಕಾರಣ ನಮೂದಿಸುತ್ತಿದ್ದರು. ಹೊಡೆದದ್ದು ಓದಲು ಬರುವಂತಿರಬೇಕು.

ನಾನು ಆಗ ಹೊಸಪೇಟೆಯಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಊರಿನಲ್ಲಿ ಅಳತೆ ಬಲ್ಲವರಿಗೆಲ್ಲ ಗಣಿಯವರಿಂದ ಕರೆ ಬರುತ್ತಿತ್ತು. ಹೊಲಗಳು ಅದಿರಿನ ಅಂಗಳಗಳಾಗುತ್ತಿದ್ದವು. ಗುಡ್ಡದ ಯಾವ ಮೈ ಯಾರದು ಎಂಬುದೇ ದಿನನಿತ್ಯದ ಸುದ್ದಿ. ಹುಲಿಗೆಮ್ಮನವರಿಗೂ ಕರೆ ಬಂದಿತ್ತು, ಹೋಗಲಿಲ್ಲ. ಅವರು ಬೇರೆ ನಕ್ಷೆಯ ಬೆನ್ನು ಹತ್ತಿದ್ದರು. ಹಂಪಿಯ ಸಂಶೋಧನೆಗೆಂದು ಪುಣೆಯಿಂದ ಬಂದು ಕಡ್ಡಿರಾಂಪುರದಲ್ಲಿ ಮನೆ ಹಿಡಿದಿದ್ದ ವಿದ್ಯಾರ್ಥಿನಿಯೊಬ್ಬಳು ಹಳೆಯ ನಕ್ಷೆಗಳನ್ನು ಓದಿಸಿಕೊಳ್ಳಲು ಇವರ ಬಳಿ ಬರುತ್ತಿದ್ದಳು. ಅವಳಿಗೆ ಇವರು ಹಳೆಯ ನಕ್ಷೆಯ ಗುರುತುಗಳನ್ನು ಕಲಿಸಿದರು. ಅವಳು ಇವರಿಗೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದನ್ನು ಕಲಿಸಿದಳು. ಓದು ಮುಗಿಸಿ ಹೊರಟಾಗ ಆ ಹಳದಿ ಸಾಧನವನ್ನು ಇವರ ಕೈಗಿಟ್ಟು ಹೋದಳು.

ನಾನು ಮೊದಲ ಸಲ ಹೋದದ್ದು, ಲೇಖನವೊಂದಕ್ಕೆ ಹಂಪಿಯ ನಕ್ಷೆ ಬೇಕಾಗಿ. ಅವರ ಮನೆಯ ಮುಂಗೋಣೆಯಲ್ಲಿ ಕಂಪ್ಯೂಟರಿನ ಪಕ್ಕದಲ್ಲೇ, ಕೆಳಗೆ ದೀಪವಿರುವ ಹಳೆಯ ಗಾಜಿನ ಮೇಜು ಇತ್ತು.

“ನಕ್ಷೆ ಕೊಡ್ತೀರಾ ಮೇಡಂ?” ಎಂದೆ.

“ಮೇಡಂ ಅನಬ್ಯಾಡ, ಅಕ್ಕ ಅನ್ನು. ನಕ್ಷೆ ಕೊಡಂಗಿಲ್ಲ. ಮಾಡೋದು ಹೇಳಿಕೊಡ್ತೀನಿ, ಕುಂದ್ರು.”

ನಾನು ಕೂತೆ. ಆಮೇಲೆ ಎರಡು ವರ್ಷ, ವಾರಕ್ಕೊಂದೆರಡು ಸಲ ಕೂತೆ.

ಪಾಠ ಶುರುವಾದದ್ದು ಗಾಜಿನ ಮೇಜಿನ ಮೇಲೆ. ನದಿಯ ಒಂದು ಹಾಳೆ ಹಾಸಿದರು. ಅದರ ಮೇಲೆ ರಸ್ತೆಯ ಹಾಳೆ, ಅದರ ಮೇಲೆ ಊರುಗಳ ಹಾಳೆ. ಕೆಳಗಿನ ದೀಪ ಹಚ್ಚಿದಾಗ ಮೂರೂ ಸೇರಿ ಒಂದೇ ನಕ್ಷೆಯಾಯಿತು. “ಇದಕ್ಕ ಪದರ ಅಂತಾರ. ಕಂಪ್ಯೂಟರ್ ಹೊಸದೇನ್ ಮಾಡಿಲ್ಲ ಬಿಡು. ನನ್ನ ಮೇಜನ್ನ ಡಬ್ಬಿಯಾಗ ಇಟ್ಟೈತಿ.” ನಂತರ ಮೂಲೆಯ ಗುರುತುಗಳನ್ನು ತೋರಿಸಿದರು. ಎಲ್ಲ ಹಾಳೆಗಳ ಮೂಲೆಗಳೂ ಒಂದರ ಮೇಲೊಂದು ಕೂರಬೇಕು. ಒಂದು ಹಾಳೆ ಕೂದಲೆಳೆ ಸರಿದರೂ ಊರು ನದಿಯೊಳಗೆ ಬೀಳುತ್ತದೆ. ಕಂಪ್ಯೂಟರಿನಲ್ಲಿ ಪ್ರತಿ ಬಿಂದುವಿಗೂ ಒಂದು ಪಟ್ಟಿ ಅಂಟಿಕೊಂಡಿರುತ್ತದೆ: ಜಾಗದ ಹೆಸರು, ಹೇಳಿದವರು ಯಾರು, ಅಳತೆ ತಗೊಂಡವರು ಯಾರು, ಯಾವ ದಿನ. ಈ ಪಟ್ಟಿ ತುಂಬದ ಬಿಂದುವನ್ನು ಅವರು ನಕ್ಷೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. “ಹೆಸರಿಲ್ಲದ ಚುಕ್ಕಿ ನೊಣದ ಹೊಲಸು ಇದ್ದಂಗ,” ಎನ್ನುತ್ತಿದ್ದರು.

ಅವರ ಕಂಪ್ಯೂಟರಿನಲ್ಲಿ ಒಂದು ಪದರದ ಹೆಸರು ‘ತಪ್ಪು’ ಎಂದಿತ್ತು. ತಪ್ಪಾಗಿ ತೆಗೆದ ಅಳತೆಗಳನ್ನು ಅಳಿಸದೆ ಅದರೊಳಗೆ ಹಾಕಿ, ಕಾರಣ ಬರೆದಿಡುತ್ತಿದ್ದರು. ಸಾಮಾನ್ಯವಾಗಿ ಆ ಪದರವನ್ನು ಮುಚ್ಚಿರುತ್ತಿದ್ದರು. ಬೇಕೆಂದಾಗ ತೆರೆದರೆ ಅವರ ನಕ್ಷೆಯ ಮೇಲೆ ಕೆಂಪು ಚುಕ್ಕಿಗಳು ಎದ್ದು ಬರುತ್ತಿದ್ದವು. ಹೆಚ್ಚಿನವು ಅವರವೇ.

ಅವರ ನಕ್ಷೆಯಲ್ಲಿ ಹಂಪಿಯ ದೊಡ್ಡ ಗುಡಿಗಳು ಬರಿಯ ದಿಕ್ಕು ತಿಳಿಯಲು ಇದ್ದವು. ಅವರು ಗುರುತಿಸುತ್ತಿದ್ದದ್ದು ಹೆಣ್ಣುಮಕ್ಕಳು ಕುಟ್ಟಿ ಕುಟ್ಟಿ ಬಂಡೆಯಲ್ಲಿ ಬಿದ್ದ ಕುಣಿಗಳನ್ನು, ಕೇರಿಯ ಬಾವಿಗಳನ್ನು, ಹೊಲದ ಬದುವಿಗೆ ಒರಗಿಸಿದ ವೀರಗಲ್ಲುಗಳನ್ನು. “ರಾಜರ ಜಾಗಕ್ಕ ಬೋರ್ಡು ಹಾಕ್ಯಾರ. ಇವಕ್ಕ ಬೋರ್ಡಿಲ್ಲ, ಹೇಳೋರು ಮುದುಕರಾಗ್ಯಾರ,” ಎಂಬುದಷ್ಟೇ ಅವರ ವಿವರಣೆ.

ಕಂಪ್ಲಿಯ ಒಂದು ದಿನ ಚೆನ್ನಾಗಿ ನೆನಪಿದೆ. ನದಿಯಿಂದ ಬರುವ ಹಳೆಯ ಕಾಲುವೆಯ ಒಂದು ತೂಬಿನ ಬಳಿ ನಿಂತಿದ್ದೆವು. ನಾನು ಪುಸ್ತಕ ಹಿಡಿದಿದ್ದೆ. ಪಕ್ಕದ ರೈಸ್‌ಮಿಲ್ಲಿನ ಮಾಲೀಕರು ಹೊರಬಂದು, “ಬರ್ಕೊಳ್ರಿ, ಇದು ಮಿಲ್ಲಿನ ತೂಬು,” ಎಂದರು. ಬಟ್ಟೆ ಒಗೆಯುತ್ತಿದ್ದ ಹೆಂಗಸು ತಲೆ ಎತ್ತದೆಯೇ, “ನಿಮ್ಮ ಮಿಲ್ಲು ಬಂದು ಎಷ್ಟು ದಿನ ಆತ್ರೀ ಸಾವ್ಕಾರ? ಇದು ಹುಚ್ಚಮ್ಮನ ತೂಬು,” ಎಂದಳು.

“ಯಾವ ಹುಚ್ಚಮ್ಮ? ನಾ ಹುಟ್ಟಿದಾಗಿಂದ ಕೇಳಿಲ್ಲ.”

“ನೀವು ಮಿಲ್ಲಿನ ಸಪ್ಪಳದಾಗ ಹುಟ್ಟೀರಿ, ಏನ್ ಕೇಳ್ತೀರಿ?”

ದಾರಿಯಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ಸೈಕಲ್ ನಿಲ್ಲಿಸಿ, ಅದು ಎರಡೂ ಅಲ್ಲ, ಹಳೇ ಹೆಸರು ಬೂದಿ ತೂಬು ಎಂದರು. ನಾನು ಹುಲಿಗೆಮ್ಮನವರ ಕಡೆ ನೋಡಿ, “ಯಾವುದು ಸರಿ ಅಕ್ಕ?” ಎಂದೆ. ಪತ್ರಿಕೆಯಲ್ಲಿ ಒಂದು ಜಾಗಕ್ಕೆ ಒಂದೇ ಹೆಸರು.

“ಮೂರೂ ಬರಿ. ಯಾರು ಅಂದ್ರು ಅದನ್ನೂ ಬರಿ. ತೂಬು ಎಲ್ಲಿ ಐತಿ ಅಂತ ಡಬ್ಬಿ ಹೇಳ್ತೈತಿ. ಏನು ಅಂತ ಇವ್ರು ಹೇಳಬೇಕು. ನೀನು ನಾನು ಜಡ್ಜು ಅಲ್ಲ.”

ಮೂರು ಹೆಸರೂ ಬರೆದೆ. ಸಾವ್ಕಾರರು ತಮ್ಮದನ್ನು ಮೊದಲು ಬರೆಯಲು ಹೇಳಿದರು. ಕೇಳಿದ ಕ್ರಮದಲ್ಲಿ ಅವರದೇ ಮೊದಲಿತ್ತು, ಹಾಗಾಗಿ ಜಗಳ ನಿಂತಿತು.

ಇನ್ನು ಆ ಕಲ್ಲಿನ ವಿಷಯ. ಕಾಲುವೆ ಏರಿಯ ಮೇಲಿನದು ಹಳೆಯ ಸರ್ವೆ ಕಲ್ಲು. ಸಾಧನ ಕೈಗೆ ಬಂದಾಗ ಅವರು ಹತ್ತು ದಿನ ಅದರ ಮೇಲೆ ನಿಂತು ಅಳತೆ ತೆಗೆದು, ಸರಾಸರಿ ಹಾಕಿ, ಅದನ್ನು ತಮ್ಮ ‘ಗೊತ್ತಿನ ಕಲ್ಲು’ ಮಾಡಿಕೊಂಡಿದ್ದರು. ಯಾವ ಊರಿಗೆ ಅಳತೆಗೆ ಹೋಗುವುದಿದ್ದರೂ ಅಂದಿನ ಬೆಳಿಗ್ಗೆ ಮೊದಲು ಅದರ ಮೇಲೆ ನಿಲ್ಲಬೇಕು. ಸಾಧನ ಇವತ್ತು ಹೇಳುವುದಕ್ಕೂ ಕಲ್ಲು ಇರುವ ಜಾಗಕ್ಕೂ ಎಷ್ಟು ಅಂತರ ಬಂತೆಂದು ರಿಜಿಸ್ಟರಿನಲ್ಲಿ ಬರೆಯಬೇಕು. ನಾಲ್ಕೈದು ಮೀಟರು ಬಂದರೆ ಸರಿ. ಹತ್ತು ದಾಟಿದರೆ ಕಾರಣ ಹುಡುಕಬೇಕು, ಇಲ್ಲವೇ ಅಂದು ಹೋಗಬಾರದು.

“ಗೊತ್ತಿದ್ದ ಜಾಗದಾಗ ಖರೆ ಹೇಳದ ಡಬ್ಬಿ, ಗೊತ್ತಿಲ್ಲದ ಜಾಗದಾಗ ಖರೆ ಹೇಳ್ತೈತೇನು?” ಎನ್ನುತ್ತಿದ್ದರು.

ಸುದ್ದಿಮನೆಯಲ್ಲಿ ನನಗೂ ಇದನ್ನೇ ಬೇರೆ ಮಾತಿನಲ್ಲಿ ಕಲಿಸಿದ್ದರು. ಒಬ್ಬ ಹೇಳಿದ್ದನ್ನು ಇನ್ನೊಬ್ಬರಲ್ಲಿ ಕೇಳದೆ ಬರೆಯಬಾರದು. ಅದಕ್ಕೇ ಮುಂದಿನದನ್ನು ಮರೆವು ಎಂದು ಬರೆಯಲು ನನಗೆ ಆಗುವುದಿಲ್ಲ.

ಸಂಡೂರು ತಾಲ್ಲೂಕಿನ ವಡ್ಡು ಹುಲಿಗೆಮ್ಮನವರ ತಾಯಿಯ ತವರು. ಊರ ಹೊರಗೆ ಗೋಮಾಳದಲ್ಲಿ ಅವರ ಕೇರಿಯವರ ಏಳು ಕಲ್ಲುಗಳಿದ್ದವು. ಕೆತ್ತನೆ ಇಲ್ಲ, ಅಕ್ಷರ ಇಲ್ಲ, ಮೊಣಕಾಲೆತ್ತರದ ಒರಟು ಕಲ್ಲುಗಳು. ಹಿರೇರ ಕಲ್ಲು ಎನ್ನುತ್ತಿದ್ದರು. ಮಾನಾಮಿ ಅಮಾಸಿಯಂದು, ಅಂದರೆ ಮಹಾಲಯ ಅಮಾವಾಸ್ಯೆಯ ದಿನ, ಕೇರಿಯ ಹಿರಿಯ ಹೆಂಗಸು ಬಾವಿಯಿಂದ ಕೊಡ ಹೊತ್ತು, ಏಳೂ ಕಲ್ಲಿಗೆ ನೀರೆರೆದು ಬರಬೇಕು. ಗೋಮಾಳದ ಮಗ್ಗುಲಲ್ಲಿ ಒಂದು ಬಂಡಿದಾರಿ, ಅದರಾಚೆಯ ಹೊಲವನ್ನು ಒಂದು ಗಣಿ ಕಂಪನಿ ಅದಿರು ಸುರಿಯಲು ಹಿಡಿದಿತ್ತು. ಮಳೆಗೂ ಲಾರಿಗೂ ಬಂಡಿದಾರಿ ಅಳಿಸಿಹೋಗಿ, ಕಂಪನಿಯ ಅಂಗಳ ಕಲ್ಲುಗಳ ಸಮೀಪಕ್ಕೆ ಬಂದಿತ್ತು. ಹುಲಿಗೆಮ್ಮನವರ ಸೋದರಮಾವನ ಮಗ ದುರುಗಪ್ಪ ಕೇರಿಯವರ ಪರವಾಗಿ ತಕರಾರು ಅರ್ಜಿ ಹಾಕಿದ. ವಿಚಾರಣೆಯ ಅಧಿಕಾರಿ ಎರಡೂ ಕಡೆಯವರಿಗೆ ನಕ್ಷೆ ತರಲು ಹೇಳಿದರು. ಕಲ್ಲುಗಳು ಗೋಮಾಳದಲ್ಲಿವೆ ಎಂದು ತೋರಿಸಿದರೆ ಉಳಿಯುತ್ತವೆ, ಇಲ್ಲವಾದರೆ ಇಲ್ಲ.

ಆ ವಾರ ಹುಲಿಗೆಮ್ಮನವರ ಮೊಣಕಾಲು ಬಾತಿತ್ತು. “ನೀ ಹೋಗಿ ಅಳತಿ ತಗೊಂಡು ಬಾ. ಕಲ್ಲಿನ ಮ್ಯಾಲೆ ನಿಂತು ಹೋಗು,” ಎಂದರು.

ಸಾಧನ ಹಿಂದಿನ ವಾರದಿಂದ ನನ್ನ ಬಳಿಯೇ ಇತ್ತು. ಹಂಪಿಯ ಒಂದು ಲೇಖನಕ್ಕಾಗಿ ಹಳೆಯ ಸರ್ಕಾರಿ ನಕ್ಷೆಯೊಂದಿಗೆ ತಾಳೆ ನೋಡಿದ್ದೆ. ಅಕ್ಷಾಂಶ ರೇಖಾಂಶಗಳನ್ನು ಎಣಿಸಲು ಆ ಹಳೆಯ ನಕ್ಷೆಗಳು ಹಿಡಿದ ಆಧಾರವೇ ಬೇರೆ, ಉಪಗ್ರಹಗಳದ್ದೇ ಬೇರೆ. ಒಂದರ ಅಂಕಿಯನ್ನು ಇನ್ನೊಂದರ ಮೇಲೆ ಇಟ್ಟರೆ ಜಾಗ ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. ಸಾಧನದಲ್ಲಿ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬಹುದು. ನಾನು ಹಳೆಯದನ್ನು ಆರಿಸಿದ್ದೆ; ವಾಪಸು ಬದಲಿಸಲಿಲ್ಲ. ಕಲ್ಲಿನ ಮೇಲೆ ಹತ್ತು ನಿಮಿಷ ನಿಂತಿದ್ದರೆ ಆ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಆದರೆ ಅಂದು ಹನ್ನೊಂದಕ್ಕೆ ಹೊಸಪೇಟೆಯಲ್ಲಿ ಒಂದು ಪತ್ರಿಕಾಗೋಷ್ಠಿ ಇತ್ತು. ಡ್ಯಾಂ ಕಡೆಗೆ ಹೋಗದೆ ಬೈಕನ್ನು ನೇರ ವಡ್ಡಿಗೆ ಹೊಡೆದೆ. ಏಳು ಕಲ್ಲುಗಳ ಬಳಿ ಸಾಧನ ಹಿಡಿದು, ಅಂಕಿ ಬರೆದುಕೊಂಡು, ಗೋಷ್ಠಿಯ ಹೊತ್ತಿಗೆ ಸರಿಯಾಗಿ ಬಂದೆ.

ಮಧ್ಯಾಹ್ನ ಅವರು ರಿಜಿಸ್ಟರು ತೆರೆದರು.

“ಕಲ್ಲಿನ ಮ್ಯಾಲೆ ನಿಂತಿದ್ದೇನಪಾ?”

“ನಿಂತಿದ್ದೆ ಅಕ್ಕ.”

“ಎಷ್ಟು ಬಂತು?”

ರಿಜಿಸ್ಟರಿನ ಹಿಂದಿನ ಸಾಲಿನಲ್ಲಿ ನಾಲ್ಕು ಎಂದಿತ್ತು. “ನಾಲ್ಕು ಮೀಟ್ರು,” ಎಂದೆ. ಅವರು ನಾಲ್ಕು ಎಂದು ಬರೆದುಕೊಂಡರು.

ಆಗಿನ ಉಪಗ್ರಹ ಚಿತ್ರಗಳಲ್ಲಿ ನಮ್ಮ ಕಡೆಯ ಹಳ್ಳಿಗಳು ಮಸುಕಾಗಿದ್ದವು. ಕಲ್ಲಾಗಲಿ ಬಂಡಿದಾರಿಯಾಗಲಿ ಕಾಣುತ್ತಿರಲಿಲ್ಲ. ನನ್ನ ಏಳು ಅಂಕಿಗಳು ಏಳು ಬಿಂದುಗಳಾದವು. ಅವರು ಕೆಳಗೆ ತಮ್ಮ ಹೆಸರು ಬರೆದು ಸಹಿ ಮಾಡಿದರು. ಸರ್ವೆ ನಂಬರುಗಳ ಗಡಿ ಇದ್ದ ಹಾಳೆ ಕಚೇರಿಯಲ್ಲಿತ್ತು; ಅದರ ಮೇಲೆ ನಮ್ಮ ನಕ್ಷೆಯನ್ನು ಇಡುವುದು ವಿಚಾರಣೆಯ ದಿನವೇ.

ಸಂಡೂರಿನ ಆ ಕಚೇರಿಯ ಕೋಣೆಯಲ್ಲಿ ಹತ್ತು ಜನ ಇದ್ದೆವು. ಕಂಪನಿಯ ಪರವಾಗಿ ನಕ್ಷೆ ತಂದಿದ್ದವರು ಶೇಷಗಿರಿ, ಹುಲಿಗೆಮ್ಮನವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ ನಿವೃತ್ತರಾದ ಸರ್ವೇಯರು. ನಾನು ಹಿಂದಿನ ಬೆಂಚಿನಲ್ಲಿ ವರದಿಗಾರನಾಗಿ ಕೂತಿದ್ದೆ. ಶೇಷಗಿರಿ ಗಡಿಯ ಹಾಳೆಯ ಮೇಲೆ ನಮ್ಮ ನಕ್ಷೆಯನ್ನು ಇಟ್ಟರು. ಬಹಳ ಹೊತ್ತು ನೋಡಿದರು.

“ಸಾಹೇಬ್ರ, ಇವ್ರ ನಕ್ಷೆ ಪ್ರಕಾರಾನ ಕಲ್ಲು ಬಂಡಿದಾರಿ ದಾಟಿ ನಮ್ಮ ನಂಬರಿನ ಒಳಗ ಅದಾವು. ನಾವು ಹೇಳೋದೇನ್ ಉಳೀತು?”

ದುರುಗಪ್ಪ ಎದ್ದು ನಿಂತ. “ಅದೆಂಗ್ರೀ ಆಗ್ತೈತಿ? ಕಲ್ಲಿಗೆ ಹೋಗಾಕ ನಾವು ದಾರಿ ದಾಟಂಗೇ ಇಲ್ಲ. ನನ್ನ ಮುತ್ಯಾನೂ ದಾಟಿಲ್ಲ!”

“ನಿಮ್ಮ ನಕ್ಷೆನೇ ಹಂಗ ಹೇಳ್ತದಲ್ಲಪ್ಪ,” ಎಂದರು ಅಧಿಕಾರಿ.

ಹುಲಿಗೆಮ್ಮ ಎದ್ದು ಮೇಜಿನ ಬಳಿ ಹೋದರು. ಕನ್ನಡಕ ತೆಗೆದು ಬಗ್ಗಿ ನೋಡಿದರು. ಹೆಬ್ಬೆರಳನ್ನು ಒಂದು ಬಿಂದುವಿನಿಂದ ಇನ್ನೊಂದಕ್ಕೆ ಇಟ್ಟು ಅಳೆದರು. ಏಳರ ನಡುವಿನ ಅಂತರವೂ ಸಾಲೂ ಸರಿಯಾಗಿದ್ದವು. ಏಳೂ ಒಟ್ಟಿಗೆ, ಒಂದೇ ಕಡೆಗೆ, ಒಂದೇ ಅಳತೆಗೆ ಜರುಗಿದ್ದವು.

“ಹಾಳಿ ಸರದೈತಿ,” ಎಂದರು, ಯಾರಿಗೂ ಅಲ್ಲದಂತೆ. ಆಮೇಲೆ ತಲೆ ಎತ್ತಿ ನನ್ನ ಕಡೆ ನೋಡಿದರು. ನಾನು ನನ್ನ ನೋಟ್‌ಬುಕ್ಕನ್ನು ನೋಡಿದೆ.

“ಅಳತೆ ತಗೊಂಡೋರು ಯಾರು?” ಅಧಿಕಾರಿ ಕೇಳಿದರು.

“ನಾನ್ರಿ,” ಎಂದರು ಹುಲಿಗೆಮ್ಮ.

ಶೇಷಗಿರಿ ತಮ್ಮ ಪೆನ್ನು ಕೆಳಗಿಟ್ಟರು. “ಹುಲಿಗೆಮ್ಮನೋರ, ಇಷ್ಟು ವರ್ಷ ನಿಮ್ಮ ಕೈ ನೋಡೀನಿ. ಇದು ನಿಮ್ಮ ಕೈ ಅಲ್ಲ.”

“ಮುದುಕಿ ಆದ್ನಲ್ರೀ ಶೇಷಗಿರಿ. ಕೈ ನಡುಗ್ತೈತಿ. ಸಾಹೇಬ್ರ, ನಕ್ಷೆ ತಪ್ಪೈತ್ರಿ, ವಾಪಸ್ ತಗೋತೀನಿ. ಹದಿನೈದು ದಿನ ಕೊಡ್ರಿ.”

ಅಧಿಕಾರಿ ಕೊಟ್ಟರು. ಮರುದಿನದ ಪತ್ರಿಕೆಯಲ್ಲಿ ನನ್ನ ವರದಿ ಬಂತು: ‘ಅರ್ಜಿದಾರರ ನಕ್ಷೆಯಲ್ಲಿ ದೋಷ, ವಿಚಾರಣೆ ಮುಂದಕ್ಕೆ’. ಅದರಲ್ಲಿ ಸುಳ್ಳು ಇರಲಿಲ್ಲ. ದೋಷ ಯಾರದೆಂದು ಬರೆದಿರಲಿಲ್ಲ, ಅಷ್ಟೇ.

ವಿಚಾರಣೆಯ ದಿನ ಸಂಡೂರಿನಿಂದ ಹೊಸಪೇಟೆಗೆ ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕೂತು ಬಂದೆ. ಊರು ಸಮೀಪಿಸಿದಾಗ ಅವರು ಕೇಳಿದರು.

“ಕಲ್ಲಿನ ಮ್ಯಾಲೆ ನಿಂತಿರಲಿಲ್ಲ, ಹೌದಲ್ಲೋ?”

“ಇಲ್ಲ ಅಕ್ಕ.”

“ಹೂಂ. ನಾಲ್ಕು ಅಂತ ಯಾಕ ಹೇಳ್ದಿ?”

ನಾನು ಟಿಕೆಟ್ಟನ್ನು ಸಣ್ಣಗೆ ಮಡಿಚಿದೆ.

“ಅಳತಿ ತಪ್ಪಿದ್ರ ಮತ್ತ ಹೋಗಿ ಅಳೀಬಹುದು. ಆ ನಾಲ್ಕನ್ನ ಹೆಂಗ ತಿದ್ದಲೋ ತಮ್ಮಾ?”

ಬಸ್ಸಿಳಿಯುವಾಗ ನಾನು, “ನನ್ನ ಹೆಸರು ಹೇಳಬೇಕಿತ್ತು ಅಕ್ಕ,” ಎಂದೆ. ಅವರು ಕಂಬಿ ಹಿಡಿದು ಮೆಟ್ಟಿಲಿಳಿಯುತ್ತ, “ಹೇಳಿದ್ರ ಅವ್ರು ಕಲ್ಲಿನ ಮಾತು ಬಿಟ್ಟು ಪೇಪರಿನ ಮಾತು ಹಿಡೀತಿದ್ರು. ನನಗ ಕಲ್ಲು ಬೇಕಾಗಿದ್ವು,” ಎಂದರು.

ಒಂಬತ್ತನೆಯ ದಿನ ಕಲ್ಲುಗಳಿದ್ದ ಜಾಗವನ್ನು ಜೆಸಿಬಿ ಸಮತಟ್ಟು ಮಾಡಿತು. ಯಾರು ಹೇಳಿ ಮಾಡಿಸಿದರೆಂದು ಯಾರೂ ಒಪ್ಪಲಿಲ್ಲ. ಕಂಪನಿಯವರನ್ನು ಕೇಳಿದಾಗ, ಕೇರಿಯವರ ನಕ್ಷೆಯೇ ಆ ಜಾಗ ನಮ್ಮದೆಂದು ಹೇಳಿತ್ತಲ್ಲ ಎಂದರು. ಸುದ್ದಿ ತಿಳಿದು ಹುಲಿಗೆಮ್ಮ ಬಾತ ಕಾಲಿನಲ್ಲೇ ಹೊರಟರು. ಮೊದಲು ಡ್ಯಾಂಗೆ ಹೋಗಿ ಕಲ್ಲಿನ ಮೇಲೆ ನಿಂತರು. ಸಾಧನದ ಆಯ್ಕೆಯನ್ನು ತಾವೇ ಸರಿಪಡಿಸಿದರು. ನಾನು ಚೀಲ ಹಿಡಿದು ಹಿಂದೆ ಹೋದೆ.

ವಡ್ಡಿನಲ್ಲಿ ಕೆಂಪು ಮಣ್ಣಿನ ಬಯಲಷ್ಟೇ ಇತ್ತು. ಕೇರಿಯವರು ನೂರು ಮಾತು ಆಡುತ್ತಿದ್ದರು. ಕಲ್ಲು ಇಲ್ಲಿತ್ತು, ಇಲ್ಲ ಅಲ್ಲಿತ್ತು. ನನ್ನ ಅಂಕಿಗಳ ಮೇಲೆ ಯಾರಿಗೂ ನಂಬಿಕೆ ಉಳಿದಿರಲಿಲ್ಲ. ಹುಲಿಗೆಮ್ಮ ಬಾವಿಯ ಕಟ್ಟೆಯ ಮೇಲೆ ಕೂತು ಸುಮ್ಮನೆ ಸುತ್ತ ನೋಡುತ್ತಿದ್ದರು. ಆಮೇಲೆ ದುರುಗಪ್ಪನ ತಾಯಿ ಹನುಮವ್ವನನ್ನು ಕರೆಸಿದರು. ಎಂಬತ್ತರ ಆ ಮುದುಕಿಯೇ ಇಷ್ಟು ವರ್ಷ ಅಮಾಸಿಯ ಕೊಡ ಹೊತ್ತವಳು.

“ಅತ್ತಿ, ಕೊಡ ತುಂಬಿಸಿ ಹೊರು. ಅಮಾಸಿ ದಿನ ಹೆಂಗ ಹೋಗ್ತೀದಿ ಹಂಗ ಹೋಗು.”

“ಇವತ್ತು ಅಮಾಸಿ ಅಲ್ಲಲ್ಲೇ.”

“ಇವತ್ತೊಂದು ದಿನ ಆಗ್ಲಿ.”

ಹನುಮವ್ವ ಕೊಡ ಹೊತ್ತಳು. ಬಾವಿಯ ಕಟ್ಟೆಗೆ ಹಿಮ್ಮಡಿ ತಾಗಿಸಿ ನಿಂತು, ಗುಡ್ಡದ ತುದಿಗೆ ಮುಖ ಮಾಡಿ, ಬಾಯಲ್ಲೇ ಎಣಿಸುತ್ತ ನಡೆದಳು. ಹೆಜ್ಜೆಗಳ ಎಣಿಕೆ ಅವಳ ಅತ್ತೆಯಿಂದ ಅವಳಿಗೆ ಬಂದದ್ದು. ಎಣಿಕೆ ಮುಗಿದಲ್ಲಿ ನಿಂತು, ನೆಲ ನೋಡದೆ ನೀರು ಬಿಟ್ಟಳು. ಹುಲಿಗೆಮ್ಮ ಆ ಒದ್ದೆಯಲ್ಲಿ ಗೂಟ ಬಡಿಸಿದರು. ಮತ್ತೆ ಎಣಿಕೆ, ಮತ್ತೆ ನೀರು. ಹೀಗೆ ಏಳು. ನಾಲ್ಕನೆಯ ಗೂಟ ಹೊಡೆದಾಗ ಮಣ್ಣಿನ ಕೆಳಗೆ ಠಣ್ ಎಂದಿತು. ಕೆದಕಿದಾಗ ಮುರಿದ ಕಲ್ಲಿನ ಬುಡ ಅಲ್ಲೇ ಹೂತುಕೊಂಡು ನಿಂತಿತ್ತು. ದುರುಗಪ್ಪ ಅದರ ಮೇಲಿನ ಮಣ್ಣನ್ನು ಕೈಯಿಂದ ಒರೆಸಿದ.

ಕೊನೆಯಲ್ಲಿ ಹನುಮವ್ವ ಕೊಡ ಇಳಿಸಿ, “ನಿನ್ನ ಹಳದಿ ಡಬ್ಬಿಗಿಂತ ನನ್ನ ಕಾಲು ಚಲೋ ಅದಾವಲ್ಲೇನ?” ಎಂದಳು.

“ಚಲೋ ಅದಾವತ್ತಿ. ಆದ್ರ ನಿನ್ನ ಕಾಲನ್ನ ಆಫೀಸಿನ ಫೈಲಿನಾಗ ಇಡಾಕ ಬರಂಗಿಲ್ಲ,” ಎಂದು ಹುಲಿಗೆಮ್ಮ ಏಳೂ ಗೂಟಗಳ ಮೇಲೆ ಸಾಧನ ಹಿಡಿದು ನಿಂತರು. ಅಂದು ಸಾಧನವನ್ನು ನನ್ನ ಕೈಗೆ ಕೊಡಲಿಲ್ಲ. ಮುಂದೆಯೂ ಕೊಡಲಿಲ್ಲ.

ಎರಡನೆಯ ವಿಚಾರಣೆಗೆ ಮುಂಚೆ ಅಧಿಕಾರಿ ತಾವೇ ಬಂದು ನೋಡಿದರು. ಮುರಿದ ಬುಡವೇ ಸಾಕ್ಷಿಯಾಯಿತು. ಜಾಗ ಗೋಮಾಳದ್ದೆಂದು ಆದೇಶವಾಯಿತು. ಅಂಗಳ ಬಂಡಿದಾರಿಯ ಆಚೆಗೆ ಸರಿಯಿತು. ಮಣ್ಣಿನ ಗುಪ್ಪೆಯಲ್ಲಿ ಹುಡುಕಿದಾಗ ಇನ್ನೂ ಮೂರು ಕಲ್ಲು ಸಿಕ್ಕವು. ಅವುಗಳನ್ನು ನೆಟ್ಟರು. ಮೂರು ಸಿಗಲೇ ಇಲ್ಲ. ಆ ಮೂರು ಗೂಟಗಳನ್ನು ಕೇರಿಯವರು ಕೀಳಲಿಲ್ಲ. ಹನುಮವ್ವ ಅವಕ್ಕೂ ನೀರೆರೆಯುತ್ತಿದ್ದಳೆಂದು ಕೇಳಿದೆ. ಹುಲಿಗೆಮ್ಮನವರ ನಕ್ಷೆಯಲ್ಲಿ ನಾಲ್ಕು ತುಂಬಿದ ಬಿಂದುಗಳು, ಮೂರು ಖಾಲಿ ಸುತ್ತುಗಳು.

ನಾನು ಅವರ ಮನೆಗೆ ಹೋಗುವುದು ನಿಲ್ಲಲಿಲ್ಲ. ಅವರು ಚಹಾ ಕೊಡುವುದೂ ನಿಲ್ಲಲಿಲ್ಲ. ಪಾಠವೂ ನಡೆಯಿತು. ಕಂಪ್ಯೂಟರಿನ ಮುಂದೆ ಕೂಡ್ರಿಸಿ ಗೆರೆ ಎಳೆಯಲು ಬಿಡುತ್ತಿದ್ದರು. ಅಳತೆಗೆ ಹೊರಟಾಗ ಮಾತ್ರ ನನಗೆ ಚೀಲ, ಅವರಿಗೆ ಸಾಧನ.

ನನಗೆ ರಾಯಚೂರಿಗೆ ವರ್ಗವಾದ ವರ್ಷ ಅವರ ಆರೋಗ್ಯ ಕೆಟ್ಟಿತ್ತು. ಹೊರಡುವ ಹಿಂದಿನ ದಿನ, ಬೆಳಿಗ್ಗೆ ಡ್ಯಾಂ ಹತ್ತಿರ ಬಾ ಎಂದು ಹೇಳಿ ಕಳಿಸಿದರು. ಆಟೋದಲ್ಲಿ ಬಂದಿದ್ದರು. ಕಲ್ಲು ಹತ್ತುವ ಶಕ್ತಿ ಇರಲಿಲ್ಲ. ಏರಿಯ ಮೇಲೆ ಕೂತು, ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು, ಹಳದಿ ಸಾಧನವನ್ನು ನನ್ನ ಕಡೆ ಚಾಚಿದರು.

“ನಿಂದ್ರು.”

ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ನಿಂತೆ. ಕೆಳಗೆ ಕಾಲುವೆಯ ನೀರು ಹೋಗುತ್ತಿತ್ತು. ರಸ್ತೆಯಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಹತ್ತು ನಿಮಿಷ ಕಳೆಯಿತು.

“ಎಷ್ಟು?”

“ಆರು ಮೀಟ್ರು ಅಕ್ಕ.”

ಅವರು ಕೈ ಚಾಚಿ ಸಾಧನವನ್ನು ಇಸಿದುಕೊಂಡರು. ಕಣ್ಣಿನ ಹತ್ತಿರ ಹಿಡಿದು ಅಂಕಿಯನ್ನು ತಾವೇ ಓದಿದರು. ಆಮೇಲೆ ಬರೆದರು. “ಆರು. ಬರೋಬ್ಬರಿ ಐತಿ,” ಎಂದರು. ಅದೇ ಕೊನೆಯ ಭೇಟಿ.

ಅವರು ತೀರಿಕೊಂಡ ಸುದ್ದಿ ರಾಯಚೂರಿಗೆ ಎರಡು ದಿನ ತಡವಾಗಿ ಮುಟ್ಟಿತು. ಕೆಲವು ತಿಂಗಳ ನಂತರ ದುರುಗಪ್ಪ ಒಂದು ಸಿ.ಡಿ. ಮತ್ತು ಆ ರಿಜಿಸ್ಟರನ್ನು ತಂದುಕೊಟ್ಟ. “ರಿಪೋರ್ಟರಿಗೆ ಕೊಡು ಅಂದಿದ್ಲು,” ಎಂದ.

ಕಂಪ್ಯೂಟರಿನಲ್ಲಿ ಪದರಗಳನ್ನು ಒಂದೊಂದಾಗಿ ತೆರೆದೆ. ನದಿ, ಕಾಲುವೆ, ಬಾವಿ, ಕಲ್ಲು. ಕಂಪ್ಲಿಯ ತೂಬಿನ ಮೂರು ಹೆಸರು. ಕೊನೆಗೆ ‘ತಪ್ಪು’. ವಡ್ಡಿನ ಬಳಿ, ಬಂಡಿದಾರಿಯ ಆಚೆ, ಏಳು ಕೆಂಪು ಚುಕ್ಕಿಗಳು. ಒಂದನ್ನು ಒತ್ತಿದೆ, ಪಟ್ಟಿ ತೆರೆಯಿತು. ಅಳತೆ ತಗೊಂಡವರು ಎಂಬಲ್ಲಿ ನನ್ನ ಹೆಸರಿತ್ತು. ಕಾರಣ: ಕಲ್ಲಿನ ಮೇಲೆ ನಿಂತಿಲ್ಲ. ವಿಚಾರಣೆಯಲ್ಲಿ ತನ್ನ ಹೆಸರು ಹೇಳಿದವರು: ಹುಲಿಗೆಮ್ಮ. ಅದಕ್ಕೆ ಕಾರಣ: ಕಲ್ಲು ಉಳಿಯಲಿ ಅಂತ.

ಪತ್ರಿಕೆಗಳಲ್ಲಿ ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿ ಹಾಕುವುದು ಪದ್ಧತಿ. ಇದು ತಡವಾಗಿದೆ. ಅರ್ಜಿದಾರರ ನಕ್ಷೆಯಲ್ಲಿ ದೋಷ ಎಂದು ಅಂದು ವರದಿ ಮಾಡಿದ್ದೆ. ಆ ದೋಷ ವರದಿಗಾರನದು.

ರಿಜಿಸ್ಟರನ್ನು ಆಮೇಲೆ ತೆರೆದೆ. ಅವರ ಪದ್ಧತಿಯಂತೆ ತಪ್ಪುಗಳಿಗೆಲ್ಲ ಒಂದೊಂದೇ ಗೆರೆ, ಎಲ್ಲವೂ ಓದಲು ಬರುವಂತೆ. ನಾನು ವಡ್ಡಿಗೆ ಅಳತೆಗೆ ಹೋದ ದಿನದ ಸಾಲಿನಲ್ಲಿ ಅಂತರ ಎಂಬ ಮನೆ ಮಾತ್ರ ಖಾಲಿ ಇತ್ತು. ಬೆರಳಾಡಿಸಿದರೆ ಅಲ್ಲಿ ಕಾಗದ ಒರಟಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ನಾಲ್ಕು ಇದ್ದ ಜಾಗವನ್ನು ಅರ್ಧ ಬ್ಲೇಡಿನಿಂದ, ಹರಿಯದಂತೆ, ಬಹಳ ನಿಧಾನವಾಗಿ ಕೆರೆದಿದ್ದರು.